ಕೂರದ ಮಡಕೆ

ಶಿರಿಯ ಅಳಿವೆಯಲ್ಲಿ ಕೈರಂಪಣಿಗೆ ಸಿಕ್ಕಿ
ಲೋಕಯ್ಯ ಸಾಲಿಯಾನರ ಬಲೆಯ ಎಂಟು ಕಣ್ಣು ಹರಿದು
ಮೇಲೆ ಬಂದದ್ದು ಒಂದು ಕತ್ತು, ಎರಡು ಕಿವಿ,
ಬೇರೆಯೇ ಬಿದ್ದ ಒಂದು ಮೊನೆ.
ಮೂರು ಮಳೆಗಾಲ ಬಲೆಕೊಟ್ಟಿಗೆಯ ಬಾಗಿಲಿಗೆ
ಅದೇ ಒತ್ತು.

ನನ್ನ ಕೆಲಸ ಬರೆದುಕೊಳ್ಳುವುದು.
ಕಣ್ಣೂರಿನ ರೋಹಿಣಿ ಟೀಚರ್ ಮಲೆಯಾಳದಲ್ಲಿ ಕೇಳುತ್ತಾರೆ,
ಪೈವಳಿಕೆಯ ಬಾಗಿಯಕ್ಕ ತುಳುವಿನಲ್ಲಿ ಹೇಳುತ್ತಾರೆ,
ನಡುವೆ ನಾನು, ಕನ್ನಡದಲ್ಲಿ,
ತೊಡೆಯ ಮೇಲೊಂದು ಗೆರೆ ಹಾಕಿದ ಪುಸ್ತಕ.
ವರದಿ ಹೋಗುವುದು ಇಂಗ್ಲಿಷಿನಲ್ಲಿ.

ಬಾಗಿಯಕ್ಕ ಮೊದಲು ಮೂಸಿದರು.
ಉಗುರಿನಲ್ಲಿ ಕೆರೆದರು.
ನಾಲಗೆಯ ತುದಿಗೆ ಮುಟ್ಟಿಸಿ, ಉಗಿದು,
"ನಮ್ಮ ಮಣ್ಣಲ್ಲ" ಅಂದರು.
ಟೀಚರ್ ಭೂತಗನ್ನಡಿ ಹಿಡಿದರು:
ಕೆಂಪು ಮೈಯಲ್ಲಿ ಎಳ್ಳು ಚೆಲ್ಲಿದ ಹಾಗೆ ಕಪ್ಪು ಹರಳು.
ಬೆಂಕಿಯುಗುಳಿದ ಬೆಟ್ಟದ ಬುಡದ ಮರಳು,
ಇಟಲಿಯಲ್ಲಿ, ನೇಪಲ್ಸಿನ ಕಡಲ ಕಡೆ.
"ಹೌದಾ," ಅಂದರು ಬಾಗಿಯಕ್ಕ,
ಪಕ್ಕದೂರಿನ ಸಂಬಂಧ ಕೇಳಿದವರ ಹಾಗೆ.

ಆಮೇಲೆ ಕತ್ತನ್ನು ತಿರುಗಿಸುತ್ತ, ನಿಧಾನಕ್ಕೆ:
"ಮಾಡಿದವನಿಗೆ ದಿನಗೂಲಿಯಲ್ಲ, ಎಣಿಕೆಯ ಕೂಲಿ.
ಕಿವಿ ಮೆತ್ತಿ ಒರೆಸಿಲ್ಲ, ಒದ್ದೆ ಬಟ್ಟೆಗೆ ಪುರುಸೊತ್ತಿಲ್ಲ.
ಎಡಗಿವಿ ಒಂದು ಬೆರಳು ಕೆಳಗೆ.
ಇದು ಸಂಜೆಯ ಮಡಕೆ."

ಬರೆದುಕೊಂಡೆ: ಸಂಜೆಯ ಮಡಕೆ.
ಟೀಚರ್ ಇಣುಕಿ ನೋಡಿ ಏನೂ ಹೇಳಲಿಲ್ಲ.

ಮೊನೆಯನ್ನು ನೆಲಕ್ಕಿಟ್ಟರು. ಬಿತ್ತು.
ಮತ್ತೆ ಇಟ್ಟರು. ಬಿತ್ತು.
"ಇದು ಕೂರುವುದೆಲ್ಲಿ?"
ಕೂರುವುದಿಲ್ಲವಂತೆ.
ಹಡಗಿನ ಹೊಟ್ಟೆಯಲ್ಲಿ ಮರಳು, ಮರಳಲ್ಲಿ ಮೊನೆ,
ಕೆಳಗಿನ ಸಾಲಿನ ಹೆಗಲ ಸಂದಿಗೆ
ಮೇಲಿನ ಸಾಲಿನ ಪಾದ,
ಒಂದು ಇನ್ನೊಂದನ್ನು ಹಿಡಿದು ಸಾವಿರ.
"ಸಿಂಬಿ ಬೇಡ, ಒಲೆ ಬೇಡ," ನಕ್ಕರು ಬಾಗಿಯಕ್ಕ,
"ಮನೆಗೆ ಅಂತ ಹುಟ್ಟಿದ್ದಲ್ಲ ಬಿಡಿ."

ಕತ್ತಿನ ಒಳಗೆ ಹಳೆಯ ಕರಿ ಅಂಟು,
ದ್ರಾಕ್ಷಿಯ ಮದ್ಯ ಹೀರದಂತೆ ಬಳಿದದ್ದು.
ಕೆಲವದರಲ್ಲಿ ಎಣ್ಣೆ ಬರುತ್ತಿತ್ತು,
ಕೆಲವದರಲ್ಲಿ ಉಪ್ಪು ಹಾಕಿ ಬಿಸಿಲಿಗೆ ಕೊಳೆಸಿದ ಮೀನಿನ ರಸ.
ಅಲ್ಲಿಯವರೆಗೆ ಸುಮ್ಮನಿದ್ದ ಲೋಕಯ್ಯ ಎದ್ದು ನಿಂತರು.
"ಮೀನಾ? ಇಲ್ಲಿಗಾ?
ಅಷ್ಟು ದೂರದಿಂದ ನಮಗೆ ಮೀನು ಮಾರಲು ಬಂದರಾ ಮಾರಾಯ್ರೆ!"
ಕೆಮ್ಮು ಬರುವವರೆಗೆ ನಕ್ಕರು,
ಬೂತಾಯಿ ಒಣಗಿಸುತ್ತಿದ್ದ ಸೊಸೆಯನ್ನು ಕರೆದು ಹೇಳಿ
ಇನ್ನೊಮ್ಮೆ ನಕ್ಕರು.

ಇಳಿದದ್ದು ಮದ್ಯ, ಹತ್ತಿದ್ದು ಒಳ್ಳೆಮೆಣಸು.
ಟೀಚರ್ ಹೇಳಿದ್ದು ಇಷ್ಟೇ. ನನ್ನ ಪೆನ್ನು ಅಲ್ಲಿ ನಿಂತಿತು.
ಬರೀ ಮೆಣಸಾಗಿದ್ದ ಬಳ್ಳಿಯ ಕಾಳು
ನೂರಾರು ವರ್ಷದ ಮೇಲೆ ಇನ್ಯಾವುದೋ ಹಡಗಿನಲ್ಲಿ
ಕೆಂಪಗೆ ಇನ್ನೊಂದು ಬಂದು ಹೆಸರು ಕಸಿದಾಗ
"ಒಳ್ಳೆ" ಅಂತ ತನ್ನ ಹಿಂದೆ ತಾನೇ
ಅಂಟಿಸಿಕೊಳ್ಳಬೇಕಾಯಿತು.
ಅಮ್ಮ ದಿನವೂ ಕಷಾಯಕ್ಕೆ ಕುಟ್ಟುತ್ತಿದ್ದ ಮಾತು.
ವರದಿಯಲ್ಲಿ ಅದಕ್ಕೆ ಕಾಲಮ್ಮಿಲ್ಲ,
ಅಂಚಿನಲ್ಲಿ ಬರೆದೆ.

ಬಲಗಿವಿಯ ಮೇಲೆ ಒತ್ತಿದ ಮುದ್ರೆ:
ಮೂರಕ್ಷರ, ನಾಲ್ಕನೆಯದು ಒಡೆದಿದೆ.
"ಮಾಡಿದವನ ಹೆಸರಾ?"
ಇರಲಿಕ್ಕಿಲ್ಲ, ಭಟ್ಟಿಯ ಯಜಮಾನನದ್ದು.
ಬಾಗಿಯಕ್ಕ ಕಿವಿಯ ಒಳಮಗ್ಗುಲು ತೋರಿಸಿದರು,
ಅಲ್ಲೊಂದು ಉಗುರು ತಾಗಿದ ಗೀಟು.
"ಇದು ಅವನದು."
ಟೀಚರ್ ಅಳತೆಪಟ್ಟಿ ಇಟ್ಟು ಫೋಟೋ ತೆಗೆದರು.

"ಕೊಂಡುಹೋಗಿ," ಅಂದರು ಲೋಕಯ್ಯ, "ಬಾಗಿಲಿಗೇನು?"
ರಶೀದಿ ಕೊಟ್ಟೆ: ಕತ್ತು ಒಂದು, ಕಿವಿ ಎರಡು, ಮೊನೆ ಒಂದು.
ಅದನ್ನು ಮಡಚಿ ಬಾಗಿಲಡಿ ತುರುಕಿ ನೋಡಿದರು.
ಗಾಳಿ ಒಪ್ಪಲಿಲ್ಲ.
ಕೊನೆಗೆ ಡ್ರೈವರ್ ಮೊಯ್ದೀನ್‌ಕುಂಞಿ
ಎಲ್ಲಿಂದಲೋ ಒಂದು ಮುರಕಲ್ಲು ತಂದ.
ಲೋಕಯ್ಯ ಎರಡೂ ಕೈಯಲ್ಲಿ ತೂಗಿ
"ಸರಿಯಾಯ್ತು" ಅಂದರು. ವ್ಯಾಪಾರ ಮುಗಿಯಿತು.

ಕಲ್ಲು ಜೀಪಿನ ಚಕ್ರದಡಿಯದು.
ಇಳಿಜಾರಿನಲ್ಲಿ ಅದು ತಾನಾಗಿ ಹೊರಟಿತು, ಕಡಲ ಕಡೆ.
ನಾವು ಕೂಗುತ್ತ ಓಡಿದೆವು, ಮೂರು ಭಾಷೆಯಲ್ಲಿ.
ಬಾಗಿಯಕ್ಕ ಮೊದಲೇ ಹತ್ತಿ ಕೂತಿದ್ದರು,
ಎರಡು ಕಿವಿ ಬಿಗಿಯಾಗಿ ಹಿಡಿದುಕೊಂಡು.